ಒತ್ತಿದರೆ ಕಾಣದ ನೆತ್ತರು

ಜನವರಿ 9

ಪ್ರೀತಿಯ ಕಡ್ಡಿ,

ಫೋನು ನೀರಿಗೆ ಬಿತ್ತು, ಇನ್ನು ಮೇಲೆ ಕಾಗದ ಬರಿ ಎಂದು ಚೀಟಿ ಹಾಕಿದ್ದೀಯಲ್ಲ, ಯಾವ ಕಾಲದಲ್ಲಿದ್ದೀಯೇ ಮಹರಾಯ್ತಿ! ಆಗಲಿ, ಕಾಗದವೇ ಗತಿ ಎಂದರೆ ಕಾಗದವೇ ಸರಿ. ಮನೆಯ ವಿಳಾಸಕ್ಕೆ ಬೇಡ, ನೀನು ಕೆಲಸ ಮಾಡುವ ಹೊಲಿಗೆ ಅಂಗಡಿಗೇ ಹಾಕು ಎಂದು ಯಾಕೆ ಬರೆದೆಯೋ ತಿಳಿಯಲಿಲ್ಲ. ನಮ್ಮಿಬ್ಬರ ಹರಟೆ ಓದಿ ನಿನ್ನ ಗಂಡ ನಗುತ್ತಾನೆಂದು ನಾಚಿಕೆಯೇ? ಹೋಗಲಿ ಬಿಡು.

ನನ್ನ ಸುದ್ದಿ ಕೇಳು. ನಮ್ಮ ಆಸ್ಪತ್ರೆಗೆ ಹೊಸ ಅಲ್ಟ್ರಾಸೌಂಡ್ ಯಂತ್ರ ಬಂದಿದೆ. ಹಳೆಯದಕ್ಕೆ ದೊಡ್ಡ ನಾಳಗಳಲ್ಲಿ ಜೋರಾಗಿ ಓಡುವ ರಕ್ತ ಮಾತ್ರ ಕಾಣುತ್ತಿತ್ತು. ಕೂದಲೆಳೆಯಂಥ ನಾಳಗಳಲ್ಲಿ ನಿಧಾನವಾಗಿ ತೆವಳುವ ರಕ್ತವನ್ನು, ರೋಗಿ ಅಲುಗಾಡಿದ್ದೆಂದು ತಿಳಿದು ಒರೆಸಿಹಾಕಿಬಿಡುತ್ತಿತ್ತು. ಹೊಸದು ಹಾಗಲ್ಲ, ಅಲುಗಾಟ ಯಾವುದು, ನೆತ್ತರು ಯಾವುದು ಎಂದು ಬೇರೆ ಮಾಡಿ ತೋರಿಸುತ್ತದೆ. ನನ್ನ ಬೆರಳ ತುದಿಯನ್ನೇ ಇಟ್ಟು ನೋಡಿದೆ. ಉಗುರಿನ ಕೆಳಗೆ ಬೇರು ಬಿಟ್ಟ ಹಾಗೆ ಕೆಂಪು ಎಳೆಗಳು! ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಬಾಯಿ ಬಿಟ್ಟುಕೊಂಡು ನಿಂತೆ.

ಇರುವುದು ಒಂದೇ ಪಜೀತಿ. ಕೈ ಹಗುರ ಇರಬೇಕು. ಪ್ರೋಬನ್ನು, ಅಂದರೆ ಮೈಮೇಲೆ ಆಡಿಸುವ ಆ ಹಿಡಿಕೆಯನ್ನು, ಜೆಲ್ಲಿನ ಮೇಲೆ ತೇಲಿಸಿದ ಹಾಗೆ ಹಿಡಿಯಬೇಕು. ಒಂಚೂರು ಒತ್ತಿದರೂ ಸಣ್ಣ ನಾಳಗಳು ಮುಚ್ಚಿಹೋಗಿ ಪರದೆ ಕಪ್ಪಾಗುತ್ತದೆ, ಜೀವವಿರುವ ಜಾಗ ಸತ್ತಂತೆ ಕಾಣುತ್ತದೆ. ನನ್ನ ಜೊತೆ ಕೆಲಸ ಮಾಡುವವನೊಬ್ಬನಿದ್ದಾನೆ, ನಾವೆಲ್ಲ ಅವನನ್ನು ಪೈಲ್ವಾನ ಎನ್ನುತ್ತೇವೆ. ನಿನ್ನೆ ಪ್ರೋಬನ್ನು ನನ್ನ ಕೈಗೆ ಅದುಮಿ, "ಮೇಡಂ, ನಿಮ್ಮಲ್ಲಿ ರಕ್ತಾನೇ ಇಲ್ಲ" ಎಂದ. "ದಿನಾ ನೀನೇ ಕುಡೀತಿದ್ರೆ ಎಲ್ಲಿಂದ ಇರತ್ತೋ" ಎಂದೆ.

ಬೇಗ ಬರಿ. ಮೈ ಕೈ ತುಂಬಿಕೊಂಡಿದ್ದೀಯೋ, ಇನ್ನೂ ಹಾಗೇ ಕಡ್ಡಿಯೋ?

ನಿನ್ನ ಅಕ್ಕ


ಜನವರಿ 27

ಅಕ್ಕಾ,

ಕಡ್ಡಿ ಕಡ್ಡಿಯೇ. ನಿನ್ನ ಕಾಗದವನ್ನು ಅಂಗಡಿ ನಡೆಸುವ ಅಮ್ಮನಿಗೂ ಓದಿ ಹೇಳಿದೆ. ಪೈಲ್ವಾನನ ಕಥೆಗೆ ಬಾಯಲ್ಲಿದ್ದ ದಾರ ನುಂಗುವಷ್ಟು ನಕ್ಕರು.

ನನ್ನದೇನಿದೆ ಸುದ್ದಿ! ಹೊಲಿಗೆ, ಅಡುಗೆ, ಮತ್ತೆ ಹೊಲಿಗೆ. ಇವರ ಗ್ಯಾರೇಜು ಚೆನ್ನಾಗಿ ನಡೆಯುತ್ತಿದೆ. ನನಗೆ ಕೆಮ್ಮು ಹಿಡಿದು ಗಂಟಲು ಕಟ್ಟಿದೆ, ದನಿ ಕಾಗೆಯದು. ಕತ್ತಿಗೆ ಶಾಲು ಸುತ್ತಿಕೊಂಡೇ ಕೆಲಸಕ್ಕೆ ಬರುತ್ತೇನೆ. ಕೆಮ್ಮಿ ಕೆಮ್ಮಿ ಕಣ್ಣಿನ ಬಿಳಿಯಲ್ಲೂ ರೆಪ್ಪೆಯ ಮೇಲೂ ಕೆಂಪು ಚುಕ್ಕೆ ಎದ್ದಿವೆ, ಸೂಜಿಯಲ್ಲಿ ಚುಚ್ಚಿದ ಹಾಗೆ. ನುಂಗಿದರೆ ನೋವು.

ನಾಳ ಒತ್ತಿದರೆ ಮುಚ್ಚುತ್ತದೆ ಎಂದು ಬರೆದಿದ್ದೀಯಲ್ಲ, ಬಿಟ್ಟ ಮೇಲೆ ಮತ್ತೆ ತೆರೆಯುತ್ತದೆಯೇ? ತುಂಬ ಹೊತ್ತು ಒತ್ತಿ ಹಿಡಿದಿದ್ದರೂ ಮೊದಲಿನಂತೆಯೇ ಆಗುತ್ತದೆಯೇ? ಸುಮ್ಮನೆ ಕೇಳಿದೆ, ನಿನ್ನ ವಿದ್ಯೆ ನನಗೂ ಸ್ವಲ್ಪ ಬರಲಿ ಎಂದು.

ಕಡ್ಡಿ


ಫೆಬ್ರವರಿ 6

ಕಡ್ಡಿ,

ಕೆಮ್ಮಿಗೆ ಬಿಸಿನೀರು ಕುಡಿ, ತಣ್ಣೀರಲ್ಲಿ ಬಟ್ಟೆ ಒಗೆಯಬೇಡ. ಜೋರಾಗಿ ಕೆಮ್ಮಿದರೆ ಕಣ್ಣಿನ ಸಣ್ಣ ನಾಳಗಳು ಒಡೆದು ಹಾಗೆ ಚುಕ್ಕೆ ಏಳುವುದುಂಟು, ತಾನಾಗಿ ಹೋಗುತ್ತವೆ. ಇಷ್ಟಕ್ಕೇ ಗಾಬರಿಯಾದರೆ ಹೇಗೆ? ಚಿಕ್ಕವಳಿದ್ದಾಗ ಮಂಡಿ ತರಚಿದರೆ ಬೀದಿಗೆಲ್ಲ ತೋರಿಸಿಕೊಂಡು ಬರುತ್ತಿದ್ದವಳು ನೀನು.

ಹೂಂ, ಬಿಟ್ಟರೆ ತೆರೆಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ. ನಾವೇನು ಜನರ ಜೀವ ಹೋಗುವ ಹಾಗೆ ಒತ್ತುತ್ತೇವೆಯೇ? ನನ್ನ ವಿದ್ಯೆ ಬೇಕಾದರೆ ಇಲ್ಲಿಗೇ ಬಂದು ಕಲಿ. ಗಂಡನನ್ನು ಬಿಟ್ಟು ನಾಲ್ಕು ದಿನ ಬರಲು ನಿನಗೆ ಮನಸ್ಸೇ ಇಲ್ಲ, ಮೆಚ್ಚಿ ಮದುವೆಯಾದವಳಲ್ಲವೇ!

ಅಕ್ಕ


ಮಾರ್ಚ್ 2

ಅಕ್ಕಾ,

ಗ್ಯಾರೇಜಿನ ಶಟರ್ ಬಿದ್ದು ಇವರ ಬಲಗೈ ಜಜ್ಜಿಹೋಗಿದೆ. ಇಲ್ಲಿಯ ಡಾಕ್ಟರು ಮೂಳೆ ಕೂಡಿಸಿದರೂ ನಡುವಿನ ಬೆರಳು ಮತ್ತು ಉಂಗುರದ ಬೆರಳು ಕಪ್ಪಾಗುತ್ತಿವೆಯಂತೆ. ನಿಮ್ಮ ಆಸ್ಪತ್ರೆಗೇ ಕಳಿಸುತ್ತಿದ್ದಾರೆ. ಅತ್ತೆ ಜೊತೆಗೆ ಬರುತ್ತಾರೆ, ನಾನು ಬರುವುದಿಲ್ಲ.

ಬೆರಳು ಹೋಗುತ್ತವೆಯೇ? ಎರಡೇ ಹೋಗುತ್ತವೆಯೋ, ಪೂರ್ತಿ ಕೈಯೋ? ನಿನಗೆ ತಿಳಿದ ತಕ್ಷಣ ಬರಿ. ಅದೊಂದೇ ನನಗೆ ತಿಳಿಯಬೇಕಾಗಿರುವುದು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡ.

ಕಡ್ಡಿ


ಮಾರ್ಚ್ 8

ನನ್ನ ಮುದ್ದು ಕಡ್ಡಿ,

ಅಳಬೇಡ, ಎದ್ದು ಮುಖ ತೊಳೆದುಕೋ. ಬೆರಳು ಉಳಿದವು!

ನಡೆದದ್ದು ಹೇಳುತ್ತೇನೆ ಕೇಳು. ಮೊದಲು ಪೈಲ್ವಾನನೇ ಸ್ಕ್ಯಾನ್ ಮಾಡಿ ಎರಡೂ ಬೆರಳಲ್ಲಿ ರಕ್ತದ ಸುಳಿವಿಲ್ಲ ಎಂದುಬಿಟ್ಟಿದ್ದ. ಆದರೆ ನಮ್ಮ ಸರ್ಜನ್ ಸುಲಭಕ್ಕೆ ನಂಬುವವರಲ್ಲ. "ಕತ್ತರಿಸಿದ್ಮೇಲೆ ಅಂಟಿಸೋಕಾಗಲ್ಲ, ಇನ್ನೊಂದ್ಸಲ ನೀವು ನೋಡಿ" ಎಂದು ನನ್ನನ್ನು ಕರೆಸಿದರು. ನಾನು ಉಸಿರು ಬಿಗಿಹಿಡಿದು, ಪ್ರೋಬು ಚರ್ಮಕ್ಕೆ ತಾಗಿತೋ ಇಲ್ಲವೋ ಎಂಬ ಹಾಗೆ ಹಿಡಿದು ಕಾದೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಎಳೆ. ಅದರ ಪಕ್ಕ ಇನ್ನೊಂದು. ಬೂದಿ ಸರಿಸಿದಾಗ ಕೆಂಡ ಕಾಣುವ ಹಾಗೆ ಬೆರಳ ತುದಿಯವರೆಗೂ ಕೆಂಪು ಹರಿಯಿತು. ನಿನ್ನ ಸಂಸಾರವೇ ಆ ಪರದೆಯ ಮೇಲೆ ಉಳಿದ ಹಾಗಾಯಿತು ನನಗೆ, ಗೊಳೋ ಎಂದು ಅತ್ತುಬಿಟ್ಟೆ. ನಿನ್ನ ಗಂಡನೂ ಅತ್ತ. "ಅಕ್ಕಾ, ನಿಮ್ಮ ಋಣ ತೀರ್ಸೋಕಾಗಲ್ಲ" ಎಂದು ಎಡಗೈಯಲ್ಲಿ ನನ್ನ ಕಾಲು ಮುಟ್ಟಿದ.

ಹದಿನಾರನೆಯ ತಾರೀಕು ಇನ್ನೊಂದು ಸ್ಕ್ಯಾನ್ ಇದೆ. ಆಗಲೂ ಹರಿವು ಹೀಗೇ ಇದ್ದರೆ ಕತ್ತರಿಸುವ ಮಾತಿಲ್ಲ, ಮನೆಗೆ ಕಳಿಸುತ್ತಾರೆ. ಆ ದಿನವೂ ನಾನೇ ಮಾಡುತ್ತೇನೆ. ಇನ್ನು ನೆಮ್ಮದಿಯಾಗಿರು.

ನಿನ್ನ ಅಕ್ಕ


ಮಾರ್ಚ್ 12

ಅಕ್ಕಾ,

ಯಾಕೆ ಉಳಿಸಿದೆ? ನಿನ್ನನ್ನು ಯಾರು ಕೇಳಿದ್ದರು? ನಿನ್ನ ಕಾಗದ ಓದಿ, ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿ ಕಿರುಚಿದೆ.

ಶಟರ್ ಬೀಳಲಿಲ್ಲ. ಸ್ನಾನದ ಮನೆಯ ಕಬ್ಬಿಣದ ಬಾಗಿಲನ್ನು ನಾನೇ ಹಾಕಿದೆ. ಅವನ ಕೈ ಸಂದಿಯಲ್ಲಿದೆ ಎಂದು ಗೊತ್ತಿದ್ದೇ ಹಾಕಿದೆ. ಮಧ್ಯಾಹ್ನ ಬಂದವನಿಗೆ ಊಟ ತಣ್ಣಗಿತ್ತು. ಸ್ಟೀಲು ತಟ್ಟೆಯನ್ನು ನನ್ನ ಮುಖಕ್ಕೆ ಬೀಸಿದ, ತುಟಿ ಸೀಳಿತು. ಜಡೆ ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ, ಕಣ್ಣು ಕತ್ತಲೆ ಬರುವವರೆಗೆ. ಅತ್ತೆ ಪಕ್ಕದ ಕೋಣೆಯಲ್ಲಿ ಟಿವಿ ಸದ್ದು ಹೆಚ್ಚಿಸಿದರು. ಹೇಗೋ ಬಿಡಿಸಿಕೊಂಡು ಸ್ನಾನದ ಮನೆಗೆ ಓಡಿದೆ. ಬಾಗಿಲು ಮುಚ್ಚುವಷ್ಟರಲ್ಲಿ ಕೈ ತೂರಿಸಿ ನನ್ನ ಕತ್ತಿಗಾಗಿ ತಡಕಾಡಿದ. ಆ ಕೈ ನನಗೆ ಚೆನ್ನಾಗಿ ಗೊತ್ತು ಅಕ್ಕಾ. ಬಾಗಿಲಿಗೆ ಬೆನ್ನು ಕೊಟ್ಟು, ಎದುರು ಗೋಡೆಗೆ ಕಾಲು ಊರಿ, ಮೈಯ ಭಾರವನ್ನೆಲ್ಲ ಹಾಕಿ ಅದುಮಿದೆ. ಮೂಳೆ ಲಟಕ್ಕೆಂದಿತು. ಅವನು ಊರಿಗೇ ಕೇಳುವ ಹಾಗೆ ಅರಚಿದ. ನಾನು ಬಿಡಲಿಲ್ಲ, ಇನ್ನೂ ಅದುಮಿದೆ. ಬಾಗಿಲ ಅಂಚಿನಿಂದ ರಕ್ತ ನನ್ನ ಹೆಗಲ ಮೇಲೆ ಬಿಸಿಯಾಗಿ ಇಳಿಯಿತು. ನನಗೆ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ!

ಹೆಂಡತಿ ಕೈ ಮುರಿದಳೆಂದು ಹೇಳಿಕೊಳ್ಳಲು ಅವನಿಗೆ ಅವಮಾನ, ಅದಕ್ಕೇ ಶಟರಿನ ಕಥೆ. ಗಾಡಿ ಹತ್ತುವ ಮೊದಲು ನನ್ನ ಕಿವಿಯ ಹತ್ತಿರ ಬಂದು ಹೇಳಿಹೋದ: "ಕೈ ಸರಿಯಾಗ್ಲಿ ತಾಳು. ಇದೇ ಕೈಯಿಂದ ನಿನ್ನ ಮುಗಿಸ್ತೀನಿ." ಇದು ಬಾಯಿಮಾತಲ್ಲ. ಜನವರಿಯಲ್ಲಿ ಮೊದಲು ಫೋನನ್ನು ಸುತ್ತಿಗೆಯಲ್ಲಿ ಒಡೆದ, ತಿಂಗಳ ಕೊನೆಗೆ ನನ್ನ ಕತ್ತು ಹಿಸುಕಿದ. ಕೆಮ್ಮಂತೆ ಕೆಮ್ಮು! ಯಾವ ಕೆಮ್ಮೂ ಇರಲಿಲ್ಲ. ಉಸಿರು ನಿಂತು ಕಣ್ಣಿನ ನಾಳ ಒಡೆದಿದ್ದವು. ಸಣ್ಣ ನಾಳಗಳ ಪಂಡಿತೆ ನೀನು, ಬಿಸಿನೀರು ಕುಡಿ ಎಂದು ಬರೆದೆ. ನಾನೂ ಬಾಯಿ ಬಿಡಲಿಲ್ಲ, ಒಪ್ಪಿದೆ. ನೀನೇ ಮೆಚ್ಚಿದ ಗಂಡು ಎನ್ನುತ್ತೀಯೆಂದು ಹೆದರಿದ್ದೆ, ನೀನು ತಮಾಷೆಗೆ ಅಂದೂಬಿಟ್ಟೆ.

ಹದಿನಾರಕ್ಕೆ ಇನ್ನೊಂದು ಸ್ಕ್ಯಾನ್ ಇದೆಯಲ್ಲ, ಒತ್ತು. ಪರದೆ ಕಪ್ಪಾಗಲಿ, ಆ ಸರ್ಜನ್ ಕತ್ತರಿಸಲಿ. ಒತ್ತಿದರೆ ಕಾಣುವುದಿಲ್ಲ ಎಂದು ನನಗೆ ಕಲಿಸಿದವಳೇ ನೀನು. ನಿನ್ನ ಹತ್ತಿರ ನಾನು ಇಷ್ಟು ವರ್ಷದಲ್ಲಿ ಏನೂ ಬೇಡಿಲ್ಲ. ಒತ್ತು ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ.


ಮಾರ್ಚ್ 17

ಕಡ್ಡಿ,

ನಿನ್ನ ಕಾಗದ ಹದಿನೈದಕ್ಕೆ ಬಂತು. ಓದಿದ ಮೇಲೆ ನಿನ್ನ ಜನವರಿಯ ಕಾಗದವನ್ನು ಹುಡುಕಿ ತೆಗೆದು ಮತ್ತೆ ಓದಿದೆ. ಮಾರನೆಯ ದಿನ ಅವನು ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ಕೈ ಚಾಚಿದ. "ಬೇಗ ಸರಿ ಮಾಡಿ ಅಕ್ಕಾ, ಮನೇಲಿ ಕೆಲಸ ಬಾಕಿ ಇದೆ" ಎಂದು ನಕ್ಕ.

ಒತ್ತಿದೆ. ಎರಡು ಬೆರಳ ಕೆಂಪು ಎಳೆಗಳು ಒಂದೊಂದಾಗಿ ಆರಿದವು. "ಅಕ್ಕಾ, ನೋವಾಗ್ತಿದೆ" ಎಂದ. ಇನ್ನೂ ಒತ್ತಿದೆ. ಕೂಡುತ್ತಿದ್ದ ಮೂಳೆ ನನ್ನ ಕೈಯ ಕೆಳಗೆ ಮತ್ತೆ ಮುರಿಯಲಿ ಎಂದು ಹಲ್ಲು ಕಚ್ಚಿ ಒತ್ತಿದೆ. ಪ್ರೋಬು ಬಿಟ್ಟು ಆ ಮುಖಕ್ಕೆ ಯಂತ್ರವನ್ನೇ ಎತ್ತಿ ಹಾಕಿ, ಅದು ಮುಖವೆಂದು ಗೊತ್ತಾಗದ ಹಾಗೆ ಮಾಡಬೇಕೆನಿಸಿತು. ಸರ್ಜನ್ ಹಿಂದೆ ಬಂದು ನಿಂತರು. "ಹರಿವಿಲ್ವಾ? ಹೋಯ್ತಾ ಹಾಗಾದ್ರೆ?" ಎಂದರು. 'ಹೌದು' ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಕೈ ಎತ್ತಿಬಿಟ್ಟೆ. "ಇದೆ ಸರ್, ನಾನು ಒತ್ಬಿಟ್ಟಿದ್ದೆ" ಎಂದೆ. ಎಳೆಗಳು ಮತ್ತೆ ಹೊತ್ತಿಕೊಂಡವು.

ಬೈಯಿ, ಉಗಿ, ಏನು ಬೇಕಾದರೂ ಅನ್ನು. ಒಂದು ಸಲ ಸುಳ್ಳು ಚಿತ್ರ ತೆಗೆದರೆ ಆಮೇಲೆ ನನ್ನ ಕೈಯ ಯಾವ ಚಿತ್ರಕ್ಕೂ ಬೆಲೆಯಿಲ್ಲ, ನಾಳೆ ನಿನ್ನ ಕತ್ತಿನದನ್ನು ತೆಗೆದರೆ ಅದಕ್ಕೂ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದು ನಿಜವೋ ನೆಪವೋ ಗೊತ್ತಿಲ್ಲ. ಇಷ್ಟು ವರ್ಷ ಹಗುರ ಮಾಡಿಕೊಂಡ ಕೈ ಆ ಹೊತ್ತಿಗೆ ನನ್ನ ಮಾತು ಕೇಳಲಿಲ್ಲ, ಅಷ್ಟೇ.

ಆಮೇಲೆ ಸರ್ಜನ್‌ಗೆ ಎಲ್ಲ ಹೇಳಿದೆ, ನೀನು ಒತ್ತು ಎಂದದ್ದನ್ನೂ ಬಚ್ಚಿಡಲಿಲ್ಲ. ಅವನನ್ನು ಇನ್ನೊಂದು ವಾರ ಇಲ್ಲೇ ಇಟ್ಟುಕೊಳ್ಳುತ್ತೇನೆ ಎಂದಿದ್ದಾರೆ. ದೂರು ಮಾತ್ರ ನಿನ್ನ ಬಾಯಿಂದಲೇ ಬರಬೇಕಂತೆ. ಅತ್ತೆಯೂ ಇಲ್ಲೇ ಇದ್ದಾರೆ, ಮನೆ ಖಾಲಿ. ಉಟ್ಟ ಬಟ್ಟೆಯಲ್ಲೇ ಹೊರಟು ಬಾ. ಬಾ ಎಂದರೆ ಬಾ.

ಅಕ್ಕ


ಏಪ್ರಿಲ್ 20

ಅಕ್ಕಾ,

ನಿನ್ನ ಕಾಗದ ನನ್ನ ಕೈಗೆ ಸಿಕ್ಕಿದ್ದು ಇವರು ಮನೆಗೆ ಬಂದ ಮೇಲೆ. ವಾರವಂತೆ ವಾರ! ಎರಡೇ ದಿನಕ್ಕೆ ಜಗಳ ಮಾಡಿ ಬಿಡಿಸಿಕೊಂಡು ಬಂದಿದ್ದರು.

ಹೆದರಬೇಡ, ಈಗ ಎಲ್ಲ ಸರಿಯಾಗಿದೆ. ಇವರು ಬದಲಾಗಿದ್ದಾರೆ. ಮಗುವಿನಂತೆ ಅತ್ತು ಮಾತು ಕೊಟ್ಟಿದ್ದಾರೆ. ಊಟ ನಾನೇ ತಿನ್ನಿಸುತ್ತೇನೆ. ನೀನು ಒತ್ತದೇ ಇದ್ದದ್ದೇ ಒಳ್ಳೆಯದಾಯಿತು ಅಂತಲೂ ಅನಿಸುತ್ತದೆ. ಕೈಗೆ ಬಲ ಬರಲಿ ಎಂದು ನಿಮ್ಮಲ್ಲಿ ರಬ್ಬರ್ ಚೆಂಡು ಕೊಟ್ಟು ಹಿಸುಕಲು ಹೇಳಿದ್ದಾರಲ್ಲ, ತಪ್ಪದೆ ಮಾಡುತ್ತಾರೆ. ನಾನು ಎದುರಿಗೇ ಕೂತಿರಬೇಕು, ನನ್ನನ್ನು ನೋಡುತ್ತಾ ಜೋರಾಗಿ ಎಣಿಸುತ್ತಾರೆ. ದಿನದಿಂದ ದಿನಕ್ಕೆ ಎಣಿಕೆ ಏರುತ್ತಿದೆ.

ಅಂಗಡಿಗೆ ಹೋಗುವುದು ಬೇಡ ಎಂದಿದ್ದಾರೆ. ಇನ್ನು ಅಂಗಡಿಯ ವಿಳಾಸಕ್ಕೂ ಬರೆಯಬೇಡ. ಬರಲೂ ಬೇಡ, ನೀನು ಬಂದರೆ ಇವರಿಗೆ ಬೇಸರವಾಗುತ್ತದೆ. ಇದನ್ನು ಅಂಗಡಿಯ ಅಮ್ಮನ ಕೈಗೆ ಕೊಡುತ್ತಿದ್ದೇನೆ.

ಕಡ್ಡಿ


ಜುಲೈ 3

ಕಡ್ಡಿ,

ನೀನು ಮೂರನೇ ಮಹಡಿಯಲ್ಲಿದ್ದೀಯ, ನಾನು ಕೆಳಗೆ. ನಿನ್ನ ಗಂಟಲಲ್ಲಿ ನಳಿಗೆ ಇದೆ, ಮಾತು ಬರುವುದಿಲ್ಲ. ನಿನ್ನ ಎದುರು ನಿಂತು ಮಾತಾಡುವ ಮುಖ ನನಗೂ ಇಲ್ಲ. ಅದಕ್ಕೇ ಇದನ್ನು ನರ್ಸಿನ ಕೈಯಲ್ಲಿ ಕಳಿಸುತ್ತಿದ್ದೇನೆ, ಕಣ್ಣು ಬಿಟ್ಟಾಗ ಓದು.

ನಿನ್ನನ್ನು ಉಳಿಸಿದ್ದು ಅಂಗಡಿಯ ಅಮ್ಮ. ಬಟ್ಟೆಯ ನೆಪ ಹೇಳಿಕೊಂಡು ಮನೆಗೆ ಬಂದಾಗ ಕಿಟಕಿಯಿಂದ ನಿನ್ನ ಕಾಲು ಒದ್ದಾಡುವುದು ಕಂಡಿದೆ. ಬೀದಿಯ ಜನರನ್ನೆಲ್ಲ ಕೂಗಿ ಬಾಗಿಲು ಒಡೆಸಿದರಂತೆ. ಅವನು ಪೊಲೀಸರಿಗೆ "ಮೆಟ್ಟಿಲಿಂದ ಬಿದ್ಲು" ಎಂದಿದ್ದಾನೆ, ಅತ್ತೆಯೂ ಅದನ್ನೇ ಒಪ್ಪಿಸಿದ್ದಾರೆ.

ನಿನ್ನ ಕತ್ತನ್ನು ನಾನೇ ಸ್ಕ್ಯಾನ್ ಮಾಡಿದೆ, ಸರ್ಜನ್ ಪಕ್ಕದಲ್ಲೇ ನಿಂತಿದ್ದರು. ಮೆದುಳಿಗೆ ಹೋಗುವ ರಕ್ತನಾಳದ ಒಳಗೋಡೆ ಸೀಳಿದೆ. ಆ ಸೀಳಿನೊಳಗೆ ಕೂದಲೆಳೆಯಷ್ಟು ರಕ್ತ ನುಸುಳುತ್ತಿದೆ. ಹಳೆಯ ಯಂತ್ರದಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಅದರ ಕೆಳಗೆ ಮಾಗಿದ ಇನ್ನೊಂದು ಸೀಳು ಸಿಕ್ಕಿತು, ಹಳೆಯದು. ಅದೇ ನೀನು ಜನವರಿಯಲ್ಲಿ ಬರೆದ ಕೆಮ್ಮು. ಮೆಟ್ಟಿಲಿಂದ ಎರಡೆರಡು ಸಲ ಬಿದ್ದು ಯಾರಿಗೂ ಹೀಗಾಗುವುದಿಲ್ಲ.

ಚರ್ಮದ ಮೇಲೆ ಒಂದು ಕಡೆ ಹೆಬ್ಬೆರಳ ಗುರುತು, ಇನ್ನೊಂದು ಕಡೆ ನಾಲ್ಕು ಬೆರಳ ಗುರುತು ನೀಲಿಗಟ್ಟಿವೆ. ಆ ನಾಲ್ಕರಲ್ಲಿ ಎರಡು ನಾನು ಉಳಿಸಿದವು ಕಡ್ಡಿ. ನಡುವಿನದು ಮತ್ತು ಉಂಗುರದ್ದು. ಪ್ರೋಬು ಅವುಗಳ ಮೇಲೆ ಹಾಯುವಾಗ ಸತ್ತುಹೋಗಬಾರದೇ ಎನಿಸಿತು.

ಏಪ್ರಿಲಿನ ನಿನ್ನ ಕಾಗದವನ್ನು ನನಗೆ ಬೇಕಾದ ಹಾಗೆ ಓದಿಕೊಂಡೆ. ರಾಜಿಯಾದರು, ಸದ್ಯ, ನನ್ನ ತಲೆಯ ಮೇಲಿನ ಭಾರ ಇಳಿಯಿತು ಎಂದುಕೊಂಡೆ. ಚೆಂಡಿನ ಮಾತು ಓದಿಯೂ ಎದ್ದು ಬರಲಿಲ್ಲ. ಬರಬೇಡ ಎಂದಳಲ್ಲ ಎಂದು ಮುನಿಸಿಕೊಂಡು ಕೂತೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಅಕ್ಕ


ಮುಂದಿನ ವರ್ಷ, ನವೆಂಬರ್ 14

ಅಕ್ಕಾ,

ನಿನ್ನೆ ಕೋರ್ಟಿನಿಂದ ನೇರ ಬಸ್ ಹತ್ತಿಬಿಟ್ಟೆ, ನಿನಗೆ ಹೇಳಿಯೂ ಬರಲಿಲ್ಲ. ಕೋಪವಲ್ಲ, ಅಲ್ಲಿ ನಿಲ್ಲಲಾಗಲಿಲ್ಲ. ಹೊಸ ಕೋಣೆಗೆ ಬಂದು, ಚಿಲಕ ಹಾಕಿ, ಬೆಳಗಿನವರೆಗೂ ಬಿದ್ದುಕೊಂಡಿದ್ದೆ. ಈಗ ಕೂತು ಬರೆಯುತ್ತಿದ್ದೇನೆ. ಅಂಗಡಿಯ ಅಮ್ಮ ಹಳೆಯ ಹೊಲಿಗೆ ಯಂತ್ರವೊಂದನ್ನು ಕಳಿಸಿಕೊಟ್ಟಿದ್ದಾರೆ, ಕೆಲಸ ಸಿಗುತ್ತಿದೆ. ದನಿ ಮಾತ್ರ ಇಷ್ಟೇ ಅಂತೆ. ಪಿಸುಗುಟ್ಟಿದರೆ ಕೇಳುತ್ತದೆ, ಕೂಗಲು ಬರುವುದಿಲ್ಲ.

ನೀನು ಸಾಕ್ಷಿ ಹೇಳಿದ ದಿನ, ನಿನ್ನನ್ನು ಹೊರಗೆ ಕಳಿಸಿದ ಮೇಲೆ ನಡೆದದ್ದನ್ನು ನಾನು ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಅವನ ವಕೀಲ ನಿನ್ನ ಮೇಲೆ ಮುಗಿಬಿದ್ದ. "ಅಕ್ಕ ತೆಗೆದ ಚಿತ್ರ ಇದು ಸ್ವಾಮಿ. ಕೈ ಹೆಂಗ್ ಹಿಡಿದ್ರೆ ಹಂಗ್ ಬರತ್ತೆ ಅಂತ ಇವರೇ ಹೇಳ್ತಾರೆ. ತಂಗಿಗೋಸ್ಕರ ಏನ್ ಬೇಕಾದ್ರೂ ತೋರಿಸ್ತಾರೆ" ಎಂದ. ಆಗ ನಿಮ್ಮ ಸರ್ಜನ್ ಎದ್ದರು. ಕಳೆದ ವರ್ಷ ಮಾರ್ಚ್ ಹದಿನಾರಕ್ಕೆ ನೀನು ತೆಗೆದ ಅವನ ಬೆರಳಿನ ಚಿತ್ರವನ್ನು ಮುಂದಿಟ್ಟರು. "ಇವನು ತಂಗಿ ಕತ್ತು ಹಿಸುಕಿದ್ದು ಗೊತ್ತಿದ್ದೂ ಈಕೆ ಇವನ ಬೆರಳು ಉಳಿಸಿದ್ರು. ಒತ್ತಿದ್ದೆ ಅಂತ ಅವರೇ ಬಾಯಿ ಬಿಟ್ಟು ಹೇಳಿ ಕೈ ಎತ್ತಿದ್ರು, ನಾನು ಹಿಂದೇನೇ ನಿಂತಿದ್ದೆ. ಈ ಕೈ ಸುಳ್ಳು ಚಿತ್ರ ತೆಗೆಯಲ್ಲ" ಎಂದರು. ವಕೀಲ ಕೂತುಬಿಟ್ಟ. ನನ್ನ ಗಂಡನೆನಿಸಿಕೊಂಡವನು ಕಟಕಟೆಯಲ್ಲಿ ಸರಳನ್ನು ಹಿಡಿದುಕೊಂಡಿದ್ದ. ಐದೂ ಬೆರಳು ಗಟ್ಟಿಯಾಗಿದ್ದವು, ನೋಡಿದೆ.

ಹನ್ನೆರಡು ವರ್ಷ ಕೊಟ್ಟಿದ್ದಾರೆ. ತೀರ್ಪು ಓದುವಾಗ ನಿನ್ನ ಎರಡು ಸೀಳಿನ ಚಿತ್ರದ ಮಾತನ್ನು ಮತ್ತೆ ಮತ್ತೆ ಹೇಳಿದರು. ನೀನು ಅಂದು ಒತ್ತಿ ಸುಳ್ಳು ಹೇಳಿದ್ದರೆ ಆ ಚಿತ್ರ ಸಾಕ್ಷಿಯಾಗಿ ನಿಲ್ಲುತ್ತಿರಲಿಲ್ಲ, ಅವನು ಈಗ ಮನೆಯಲ್ಲಿರುತ್ತಿದ್ದ. ಇದೆಲ್ಲ ನನಗೆ ಅರ್ಥವಾಗುತ್ತದೆ. ನನ್ನ ಕತ್ತಿನ ಮೇಲಿದ್ದ ಬೆರಳಲ್ಲಿ ಎರಡು ನಿನ್ನವು ಎಂದು ನೀನು ಕೊರಗುವುದನ್ನು ಮೊದಲು ಬಿಡು. ಐದೂ ಅವನವೇ.

ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತು, ನೀನು ಮಾಡಿದ್ದೇ ಸರಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನೀನು ಮಾಡಿದ್ದು ಸರಿಯೇ. ಕೋರ್ಟೂ ಹಾಗೇ ಅಂದಿತು. ಆಮೇಲೆ ಯಾರೋ ಬಾಗಿಲು ತಟ್ಟುತ್ತಾರೆ, ಪಕ್ಕದ ಮನೆಯವರೋ ಬಟ್ಟೆ ಕೊಡಲು ಬಂದವರೋ. 'ಯಾರು' ಎಂದು ಕೂಗಲು ಹೋಗುತ್ತೇನೆ, ದನಿ ಏಳುವುದಿಲ್ಲ. ಕತ್ತು ಹಿಡಿದುಕೊಂಡು, ಅವರು ತಾವಾಗಿ ಹೆಸರು ಹೇಳುವವರೆಗೂ ಗೋಡೆಗೆ ಅಂಟಿ ನಿಂತಿರುತ್ತೇನೆ.

ಆದರೂ ನೀನು ಒತ್ತಬೇಕಿತ್ತು ಅಕ್ಕಾ.

ನಿನ್ನ ಕಡ್ಡಿ